ಅಮ್ಮನ ಮಂಡಿ ಮಾತ್ರೆಯಲ್ಲಿ ಕೋಳಿ ಇದೆಯಾ?

ಪ್ರಶ್ನೆ: ಮೇಡಂ, ನಮ್ಮಮ್ಮನಿಗೆ 68 ವರ್ಷ. ಎರಡೂ ಮಂಡಿ ಸವೆದಿದೆ ಎಂದು ಮೂಳೆ ಡಾಕ್ಟರ್ ಹೇಳಿದ್ದಾರೆ. ಮೂರು ತಿಂಗಳ ಹಿಂದೆ ದಿನಕ್ಕೊಂದರಂತೆ ಒಂದು ಮಾತ್ರೆ ಬರೆದುಕೊಟ್ಟರು. ಸ್ಟ್ರಿಪ್ ಮೇಲೆ 'ಅನ್‌ಡಿನೇಚರ್ಡ್ ಟೈಪ್ 2 ಕೊಲಾಜನ್ 40 ಮಿ.ಗ್ರಾಂ' ಎಂದಿದೆ. ಮೊನ್ನೆ ನನ್ನ ಮಗ ಮೊಬೈಲಿನಲ್ಲಿ ಹುಡುಕಿ, ಇದನ್ನು ಕೋಳಿಯಿಂದ ಮಾಡುತ್ತಾರೆ ಎಂದ. ನಮ್ಮದು ಸಸ್ಯಾಹಾರಿ ಮನೆ. ಅಮ್ಮ ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟುವುದಿಲ್ಲ. ವಿಷಯ ಗೊತ್ತಾದ ಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಿಜವಾಗಿಯೂ ಅದರಲ್ಲಿ ಕೋಳಿ ಇದೆಯಾ? ನಿಲ್ಲಿಸಿದರೆ ಮಂಡಿ ಇನ್ನಷ್ಟು ಹಾಳಾಗುತ್ತಾ? ಗಿಡದಿಂದ ಮಾಡಿದ್ದು ಸಿಗುತ್ತಾ? ಮುಂದಿನ ಸಲ ಮಂಡಿಗೆ ಜೆಲ್ ಇಂಜೆಕ್ಷನ್ ಹಾಕೋಣ ಎಂದಿದ್ದಾರೆ. ಅದರಲ್ಲೂ ಏನಾದರೂ ಇರುತ್ತಾ?
ಒಬ್ಬ ಓದುಗರು, ದಾವಣಗೆರೆ

ಉತ್ತರ: ಹೌದು, ಇದೆ. ಸುತ್ತಿ ಬಳಸಿ ಹೇಳುವುದರಿಂದ ಅಮ್ಮನಿಗೆ ಸಮಾಧಾನ ಸಿಗುವುದಿಲ್ಲ, ಹಾಗಾಗಿ ನೇರವಾಗಿ ಹೇಳುತ್ತಿದ್ದೇನೆ. ಮಂಡಿ ನೋವಿಗೆ ಎಂದು 40 ಮಿಲಿಗ್ರಾಂ ಲೆಕ್ಕದಲ್ಲಿ ಬರುವ ಅನ್‌ಡಿನೇಚರ್ಡ್ ಟೈಪ್ 2 ಕೊಲಾಜನ್ ಅನ್ನು ಸಾಮಾನ್ಯವಾಗಿ ಕೋಳಿಯ ಎದೆಮೂಳೆಯಿಂದ ತೆಗೆಯುತ್ತಾರೆ. ನಿಮ್ಮ ಮಗ ಓದಿದ್ದು ಸರಿ. ಎರಡನೇ ಪ್ರಶ್ನೆಗೂ ಈಗಲೇ ಉತ್ತರ ಕೊಡುತ್ತೇನೆ. ಈ ಮಾತ್ರೆ ನಿಲ್ಲಿಸಿದರೆ ಅಮ್ಮನ ಮಂಡಿ ಹಾಳಾಗುವುದಿಲ್ಲ. ಇವತ್ತೇ ನಿಲ್ಲಿಸಬಹುದು. ಬಿಪಿ ಮಾತ್ರೆಯ ಹಾಗೆ ತಟ್ಟನೆ ಬಿಟ್ಟರೆ ತೊಂದರೆ ಕೊಡುವಂಥದ್ದಲ್ಲ ಇದು.

ನಾನು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಒಬ್ಬ ಜೈನ ಅಜ್ಜಿ. ಕೌಂಟರಿನಲ್ಲಿ ಮಾತ್ರೆ ತೆಗೆದುಕೊಂಡು, 'ಇದರಲ್ಲಿ ಏನಿದೆಯಮ್ಮಾ?' ಎಂದರು. ಜನ ಸಾಲಾಗಿ ನಿಂತಿದ್ದರು. 'ಮೂಳೆಗೆ ಶಕ್ತಿ ಕೊಡುವುದು ಅಜ್ಜಿ' ಎಂದು ಹೇಳಿ ಕಳಿಸಿಬಿಟ್ಟೆ. ಸಂಜೆ ಖಾಲಿ ಡಬ್ಬಿ ಎತ್ತಿಡುವಾಗ ಅದರ ಮೇಲಿದ್ದ ಮಾಂಸಾಹಾರದ ಗುರುತು ಕಣ್ಣಿಗೆ ಬಿತ್ತು. ಮಾರನೇ ದಿನ ಅವರ ಮನೆಗೆ ಫೋನ್ ಮಾಡಿ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀನಾದರೂ ಹೇಳಿದೆಯಲ್ಲ' ಎಂದರು. ಅಂದಿನಿಂದ ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಈಗ ವಿಷಯಕ್ಕೆ ಬರೋಣ. ಕೊಲಾಜನ್ ಎನ್ನುವುದು ಒಂದು ಪ್ರೋಟೀನ್. ಚರ್ಮ, ಮೂಳೆ, ಸ್ನಾಯುವಿನ ತುದಿಯ ಬಳ್ಳಿ, ಕೀಲಿನ ಒಳಪದರ ಎಲ್ಲವನ್ನೂ ಹಿಡಿದಿಡುವ ನಾರು ಅದು. ಅದರಲ್ಲಿ 28 ಬಗೆಗಳನ್ನು ಗುರುತಿಸಿದ್ದಾರೆ. ಚರ್ಮ ಮತ್ತು ಮೂಳೆಯಲ್ಲಿ ಜಾಸ್ತಿ ಇರುವುದು ಟೈಪ್ 1. ಎರಡು ಮೂಳೆಗಳು ಒಂದಕ್ಕೊಂದು ಉಜ್ಜದ ಹಾಗೆ ತುದಿಯಲ್ಲಿ ನುಣುಪಾದ ಪದರ ಇರುತ್ತದಲ್ಲ, ಶಾಲೆಯ ಪುಸ್ತಕದಲ್ಲಿ ಮೃದ್ವಸ್ಥಿ ಎಂದು ಓದಿದ್ದೆವು, ಅದರಲ್ಲಿ ಇರುವುದು ಹೆಚ್ಚಾಗಿ ಟೈಪ್ 2. ಅಮ್ಮನ ಮಂಡಿಯಲ್ಲಿ ಸವೆದಿರುವುದು ಈ ಪದರವೇ.

ಕೋಳಿಯ ಎದೆಯ ನಡುವೆ ದೋಣಿಯ ಅಡಿಯಂಥ ಒಂದು ಮೂಳೆ ಇದೆ. ಎಳೆ ಕೋಳಿಯಲ್ಲಿ ಅದರ ತುದಿ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬೆಳ್ಳಗೆ, ಮೆತ್ತಗೆ, ಬಗ್ಗಿಸಿದರೆ ಬಗ್ಗುವ ಹಾಗಿರುತ್ತದೆ. ಕೋಳಿ ತಿನ್ನುವ ಮನೆಯವರಿಗೆ ಇದು ಗೊತ್ತು, ಮಕ್ಕಳು ಅದನ್ನೇ ಹುಡುಕಿ ಕಡಿಯುತ್ತಾರೆ. ಈ ತುದಿಯ ತುಂಬ ಟೈಪ್ 2 ಕೊಲಾಜನ್ ಇರುತ್ತದೆ. ಮಾಂಸಕ್ಕಾಗಿ ಕೋಳಿ ಕತ್ತರಿಸುವ ಕಡೆ ಇದು ರಾಶಿ ರಾಶಿ ಉಳಿಯುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ಪೂರಕಗಳನ್ನು, ಅಂದರೆ ಸಪ್ಲಿಮೆಂಟ್ ಮಾತ್ರೆ ಪುಡಿಗಳನ್ನು ಮಾಡುವವರು ಕೋಳಿಯನ್ನು ಹಿಡಿದುಕೊಂಡದ್ದು ಹೀಗೆ.

ಆದರೆ ಎರಡು ಬೇರೆ ಬೇರೆ ಸಾಮಾನುಗಳು ಒಂದೇ ಹೆಸರಿನಲ್ಲಿ ಅಂಗಡಿಗೆ ಬರುತ್ತವೆ. ಈ ವ್ಯತ್ಯಾಸ ತಿಳಿಯದೆ ಜನ ಮೋಸ ಹೋಗುತ್ತಾರೆ.

ಒಂದು ಬಗೆಯಲ್ಲಿ ಆ ಎದೆಮೂಳೆಯ ತುದಿಯನ್ನು ಕಿಣ್ವ ಹಾಕಿ ಸಣ್ಣ ಸಣ್ಣ ಚೂರಾಗಿ ಒಡೆಯುತ್ತಾರೆ. ಇದಕ್ಕೆ ಹೈಡ್ರೊಲೈಸ್ಡ್ ಕೊಲಾಜನ್ ಎನ್ನುತ್ತಾರೆ. ಇದನ್ನು ಗ್ರಾಂ ಲೆಕ್ಕದಲ್ಲಿ ತೆಗೆದುಕೊಳ್ಳಬೇಕು. ಹೊಟ್ಟೆಗೆ ಹೋದ ಮೇಲೆ ಇದು ಬೇರೆ ಪ್ರೋಟೀನಿನ ಹಾಗೆಯೇ ಜೀರ್ಣವಾಗುತ್ತದೆ. ಕೆಲವು ಸಣ್ಣ ಚೂರುಗಳು ಹಾಗೇ ರಕ್ತಕ್ಕೆ ಸೇರುವುದೂ ಉಂಟು.

ಇನ್ನೊಂದು ನಿಮ್ಮ ಅಮ್ಮನಿಗೆ ಕೊಟ್ಟಿರುವುದು. ಅನ್‌ಡಿನೇಚರ್ಡ್ ಎಂದರೆ ಮೂಲ ರೂಪ ಕೆಡದ ಕೊಲಾಜನ್. ಬಿಸಿ ತಾಗಿಸದೆ, ಕಿಣ್ವ ಹಾಕಿ ಒಡೆಯದೆ ಇದನ್ನು ತೆಗೆಯುತ್ತಾರೆ. ಮೂರು ಎಳೆ ಹೊಸೆದ ಹಗ್ಗದಂಥ ಅದರ ಆಕಾರ ಹಾಗೇ ಉಳಿಯಬೇಕು. ಇದರ ಅಳತೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ ಎರಡು ಮೂರು ಅಕ್ಕಿಕಾಳಿನ ತೂಕ. ಇಷ್ಟು ಕೊಲಾಜನ್ ತಿಂದರೆ ಸವೆದ ಮಂಡಿಗೆ ಅದು ಹೋಗಿ ಮೆತ್ತಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದನ್ನು ಮಾಡುವವರೂ ಹಾಗೆ ಹೇಳುವುದಿಲ್ಲ. ಅವರ ವಾದ ಬೇರೆ, ಅದು ಕೇಳಲು ಚೆನ್ನಾಗಿಯೂ ಇದೆ.

ನಾವು ದಿನಾ ಅಕ್ಕಿ, ರಾಗಿ, ಬೇಳೆ, ಹಾಲು ಎಂದು ಹತ್ತಾರು ಹೊರಗಿನ ಪ್ರೋಟೀನುಗಳನ್ನು ಒಳಗೆ ಕಳಿಸುತ್ತೇವೆ. ಇವೇ ನೇರವಾಗಿ ರಕ್ತಕ್ಕೆ ಹೋದರೆ ದೇಹ ಜಗಳಕ್ಕೆ ನಿಲ್ಲುತ್ತದೆ. ಊಟದ ದಾರಿಯಲ್ಲಿ ಬಂದರೆ ಸುಮ್ನೆ ಬಿಡುತ್ತದೆ. ಸಣ್ಣಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ರೋಗನಿರೋಧಕ ಕಣಗಳ ಗುಂಪುಗಳಿವೆ. 'ಇದು ಶತ್ರು ಅಲ್ಲ' ಎಂದು ದೇಹಕ್ಕೆ ಕಲಿಸುವ ಕೆಲಸ ಅಲ್ಲಿ ನಡೆಯುತ್ತದೆ. ಕೋಳಿಯ ಟೈಪ್ 2 ಕೊಲಾಜನ್ ನಮ್ಮ ಮಂಡಿಯ ಕೊಲಾಜನ್ನನ್ನು ಬಹಳ ಹೋಲುತ್ತದೆ. ಅದನ್ನು ಚೂರು ಚೂರೇ ಕರುಳಿಗೆ ತೋರಿಸುತ್ತಾ ಬಂದರೆ, ಕೀಲಿನ ಕೊಲಾಜನ್ ಮೇಲೂ ದೇಹ ಸಿಟ್ಟು ಮಾಡುವುದನ್ನು ಬಿಡುತ್ತದೆ, ಊತ ಮತ್ತು ನೋವು ಇಳಿಯುತ್ತದೆ. ವಾದ ಇಷ್ಟೇ. ಗುರುತು ಹಿಡಿಯಲು ಆ ಹಗ್ಗದ ಆಕಾರ ಕೆಡದೆ ಇರಬೇಕು. ಬಿಸಿ ತಾಗಿಸದಿರುವುದು ಇದೇ ಕಾರಣಕ್ಕೆ.

ಇದು ಕಟ್ಟುಕಥೆಯೂ ಅಲ್ಲ. 1993ರಲ್ಲಿ ಬಾಸ್ಟನ್ನಿನ ವೈದ್ಯರು ತೀವ್ರ ರುಮಟಾಯ್ಡ್ ಕೀಲುವಾತ (ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ರೋಗ) ಇದ್ದ 60 ಜನರ ಮೇಲೆ ಮೂರು ತಿಂಗಳು ಇದನ್ನು ಪರೀಕ್ಷಿಸಿದರು. ಕೆಲವರಿಗೆ ಕೋಳಿಯ ಟೈಪ್ 2 ಕೊಲಾಜನ್, ಉಳಿದವರಿಗೆ ಏನೂ ಇಲ್ಲದ ಹುಸಿ ಔಷಧಿ. ಕೊಲಾಜನ್ ತೆಗೆದುಕೊಂಡವರಲ್ಲಿ ಊತ ಮತ್ತು ನೋವು ಇಳಿಯಿತು, ನಾಲ್ವರಿಗೆ ರೋಗವೇ ಪೂರ್ತಿ ಶಮನವಾಯಿತು ಎಂದು 'ಸೈನ್ಸ್' ಪತ್ರಿಕೆಯಲ್ಲಿ ಬಂತು. ದೊಡ್ಡ ಆಸೆ ಹುಟ್ಟಿತು. 1998ರಲ್ಲಿ 274 ಜನರ ಮೇಲೆ, ನಾಲ್ಕು ಬೇರೆ ಬೇರೆ ಅಳತೆಯಲ್ಲಿ, 24 ವಾರ ಇನ್ನೊಂದು ಪರೀಕ್ಷೆ ನಡೆಯಿತು. ಈ ಸಲ ಫಲ ಸಿಕ್ಕಿದ್ದು ತೀರ ಕಡಿಮೆ. ಎಲ್ಲಕ್ಕಿಂತ ಸಣ್ಣ ಅಳತೆಯಲ್ಲಿ, ಅದೂ ಒಂದೇ ಮಾಪನದಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ನಂತರದ ದೊಡ್ಡ ಪರೀಕ್ಷೆಯಲ್ಲೂ ಗೆಲ್ಲಲಿಲ್ಲ. ಔಷಧಿಯಾಗಿ ಅದು ಅಲ್ಲಿಗೆ ನಿಂತಿತು.

ಔಷಧಿಯ ಬಾಗಿಲು ಮುಚ್ಚಿದ ಸಾಮಾನು ಪೂರಕದ ಬಾಗಿಲಿನಿಂದ ಒಳಗೆ ಬಂತು. ರೋಗವೂ ಬದಲಾಯಿತು. ರುಮಟಾಯ್ಡ್ ಬಿಟ್ಟು, ವಯಸ್ಸಾದವರ ಮಂಡಿ ಸವೆತಕ್ಕೆ ಇದು ಒಳ್ಳೆಯದು ಎಂಬ ಮಾತು ಶುರುವಾಯಿತು. 2009ರಲ್ಲಿ 52 ಜನರ ಮೇಲೆ 90 ದಿನ, 2016ರಲ್ಲಿ 191 ಜನರ ಮೇಲೆ 180 ದಿನ ಪರೀಕ್ಷೆ ಮಾಡಿದರು. ಎರಡರಲ್ಲೂ ಗ್ಲೂಕೋಸಮಿನ್ ಮತ್ತು ಕಾಂಡ್ರಾಯ್ಟಿನ್ ಎಂಬ ಬೇರೆ ಎರಡು ಮಂಡಿ ಪೂರಕ ತೆಗೆದುಕೊಂಡವರಿಗಿಂತ ಕೊಲಾಜನ್ ತೆಗೆದುಕೊಂಡವರಿಗೆ ನೋವು ಹೆಚ್ಚು ಇಳಿಯಿತು ಎಂದು ಬರೆದಿದ್ದಾರೆ. ಇದನ್ನು ಓದುವಾಗ ಎರಡು ವಿಷಯ ನೆನಪಿರಲಿ. 2016ರ ಪರೀಕ್ಷೆ ಬರೆದವರಲ್ಲಿ ಆ ಕೊಲಾಜನ್ ಮಾರುತ್ತಿದ್ದ ಕಂಪನಿಯವರೇ ಇದ್ದರು. ಇನ್ನೊಂದು, ಯಾರ ಜೊತೆ ಹೋಲಿಸಿದ್ದಾರೆ ನೋಡಿ (2016ರಲ್ಲಿ ಹುಸಿ ಮಾತ್ರೆಯ ಗುಂಪೂ ಇತ್ತು). ಗ್ಲೂಕೋಸಮಿನ್ ಮತ್ತು ಕಾಂಡ್ರಾಯ್ಟಿನ್ ಅನ್ನು 2006ರಲ್ಲಿ ಅಮೆರಿಕದಲ್ಲಿ 1,583 ಜನರ ಮೇಲೆ ಪರೀಕ್ಷಿಸಿದಾಗ, ಒಟ್ಟಾರೆ ಹುಸಿ ಮಾತ್ರೆಗಿಂತ ಹೆಚ್ಚಿನ ಫಲ ಸಿಗಲಿಲ್ಲ. ಅಲ್ಲಿನ ಕೀಲುರೋಗ ವೈದ್ಯರ ಸಂಘ 2019ರಲ್ಲಿ ಮಂಡಿ ಸವೆತಕ್ಕೆ ಇವೆರಡೂ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಸೋತವರನ್ನು ಸೋಲಿಸಿದ್ದು ದೊಡ್ಡ ಗೆಲುವಲ್ಲ, ಅಲ್ವಾ?

ನನ್ನ ಅಭಿಪ್ರಾಯ ಕೇಳಿದರೆ, ಕೆಲವರಿಗೆ ನೋವು ಸ್ವಲ್ಪ ಇಳಿಯಬಹುದು. ಸವೆದ ಪದರ ಮತ್ತೆ ಬೆಳೆಯುತ್ತದೆ ಎನ್ನಲು ಗಟ್ಟಿ ಆಧಾರ ಇಲ್ಲ. ಮೂರು ತಿಂಗಳು ತೆಗೆದುಕೊಂಡರೂ ಮೆಟ್ಟಿಲು ಹತ್ತುವಾಗ ವ್ಯತ್ಯಾಸ ಗೊತ್ತಾಗದಿದ್ದರೆ, ಮಾಂಸಾಹಾರಿಗಳಿಗೂ ನಾನು ನಿಲ್ಲಿಸಿ ಎಂದೇ ಹೇಳುತ್ತೇನೆ. ಈ ಮಾತ್ರೆಗಳು ಅಗ್ಗವೂ ಅಲ್ಲ. ಪಿಂಚಣಿ ದುಡ್ಡಿನಲ್ಲಿ ವರ್ಷಗಟ್ಟಲೆ ನುಂಗುವಷ್ಟು ಗುಣ ಇದಕ್ಕಿಲ್ಲ.

ಅಮ್ಮನ ಮನಸ್ಸಿನ ಮಾತಿಗೆ ಬರುತ್ತೇನೆ. ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದು ಬರೆದಿದ್ದೀರಿ. ನನಗೆ ನಿಜಕ್ಕೂ ಬೇಸರವಾಯಿತು. ದಯವಿಟ್ಟು ಈ ಮಾತನ್ನು ಅವರಿಗೆ ಓದಿ ಹೇಳಿ. ಅಮ್ಮಾ, ನಿಮ್ಮದು ಇದರಲ್ಲಿ ಯಾವ ತಪ್ಪೂ ಇಲ್ಲ. ಗೊತ್ತಿದ್ದು ಬೇಕೆಂದೇ ನೀವು ತಿಂದದ್ದಲ್ಲ. ಡಾಕ್ಟರ್ ಕೊಟ್ಟರು, ನಂಬಿ ನುಂಗಿದಿರಿ. ಹೇಳಬೇಕಾದವರು ಹೇಳಲಿಲ್ಲ. ನಿಮ್ಮ ವ್ರತ ನೀವು ಇಷ್ಟು ವರ್ಷ ನಡೆಸಿದ್ದರಲ್ಲಿ ಇದೆ, ಯಾರೋ ಮುಚ್ಚಿಟ್ಟ ಒಂದು ಪದದಲ್ಲಿ ಇಲ್ಲ. ಊಟ ಮಾಡಿ. ಮಂಡಿ ನೋವಿರುವವರು ಊಟ ಬಿಟ್ಟರೆ ತೊಡೆಯ ಬಲ ಇನ್ನೂ ಇಳಿಯುತ್ತದೆ.

ನೀವು ಅಮ್ಮನಿಗೆ 'ಬರೀ 40 ಮಿಲಿಗ್ರಾಂ, ಅದೇನು ದೊಡ್ಡದು' ಎಂದು ಹೇಳಬೇಡಿ. ಸಮಾಧಾನ ಮಾಡುವ ಭರದಲ್ಲಿ ಮಕ್ಕಳು ಹೀಗೆ ಹೇಳುತ್ತಾರೆ. ಅವರಿಗೆ ಅದು ತೂಕದ ಲೆಕ್ಕ ಅಲ್ಲ.

ಇದು ಮುಂಚೆಯೇ ಗೊತ್ತಾಗುವ ದಾರಿ ಇರಲಿಲ್ಲವೇ? ಇತ್ತು. ನಮ್ಮಲ್ಲಿ ಇಂಥ ಪೂರಕಗಳು ಆಹಾರದ ಕಾನೂನಿಗೆ, ಅಂದರೆ ಅದನ್ನು ನೋಡಿಕೊಳ್ಳುವ ಸರ್ಕಾರಿ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐಗೆ ಸೇರುತ್ತವೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಇರುವ ಗುರುತು ಇವುಗಳ ಮೇಲೂ ಇರಬೇಕು. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೆ ಮೊದಲು ಕಂದು ಚುಕ್ಕೆ ಇತ್ತು. 2020ರ ನಿಯಮ ಬಂದ ಮೇಲೆ ಕಂದು ಚೌಕದೊಳಗೆ ಕಂದು ತ್ರಿಕೋನ ಬಂದಿದೆ. ಬಣ್ಣ ಸರಿಯಾಗಿ ಕಾಣದವರಿಗೂ ಆಕಾರದಿಂದ ಗೊತ್ತಾಗುತ್ತದೆ. ಆ ಕಾನೂನಿನಲ್ಲಿ ಮೊಟ್ಟೆಯೂ ಮಾಂಸಾಹಾರವೇ. ಹಾಲು ಮತ್ತು ಜೇನಿಗೆ ಮಾತ್ರ ವಿನಾಯಿತಿ ಇದೆ, ಜೊತೆಗೆ ಜೇನುಮೇಣ, ಅರಗಿನಂಥ ಒಂದೆರಡಕ್ಕೆ. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಾವ ಪದಾರ್ಥ ಎಷ್ಟೇ ಸಣ್ಣ ಪ್ರಮಾಣದಲ್ಲಿರಲಿ, ಅದು ಗಿಡದ್ದೋ ಪ್ರಾಣಿಯದ್ದೋ ಎನ್ನುವುದನ್ನು ಜನರಿಗೆ ಪೂರ್ತಿ ತಿಳಿಸಲೇಬೇಕು ಎಂದಿತು.

ಕಾಗದದ ಮೇಲೆ ಇಷ್ಟೆಲ್ಲ ಇದ್ದೂ ಅಮ್ಮನಿಗೆ ಗೊತ್ತಾಗಲಿಲ್ಲ. ಕಾರಣ ಸರಳ. ಗುರುತು ಎದ್ದು ಕಾಣುವುದು ಹೊರಗಿನ ರಟ್ಟಿನ ಡಬ್ಬಿಯ ಮೇಲೆ. ಮೆಡಿಕಲ್ ಶಾಪಿನಲ್ಲಿ ಡಬ್ಬಿ ತೆಗೆದಿಟ್ಟು ಸ್ಟ್ರಿಪ್ ಮಾತ್ರ ಕೊಡುತ್ತಾರೆ, ಕೆಲವು ಸಲ ಹತ್ತರಲ್ಲಿ ಐದು ಕತ್ತರಿಸಿ ಕೊಡುತ್ತಾರೆ. ಹೊಳೆಯುವ ಹಾಳೆಯ ಮೇಲಿನ ಸಾಸಿವೆಯಷ್ಟು ಅಕ್ಷರ 68 ವರ್ಷದವರ ಕಣ್ಣಿಗೆ ಎಲ್ಲಿ ಕಾಣಬೇಕು? ಅದೂ ಇಂಗ್ಲಿಷಿನಲ್ಲಿ. 'ಕೊಲಾಜನ್' ಎಂದು ಓದಿದರೂ ಕೋಳಿ ಎಂದು ಹೊಳೆಯುವುದಿಲ್ಲ. ಇನ್ನು ಮುಂದೆ ಯಾವುದೇ ಪೂರಕ ಕೊಳ್ಳುವಾಗ ಡಬ್ಬಿಯನ್ನೇ ಕೇಳಿ ನೋಡಿ. 'ಔಷಧಿಯಾಗಿ ಬಳಸಲು ಅಲ್ಲ' ಎಂಬ ಅರ್ಥದ ಸಾಲು ಮತ್ತು 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಅದು ಪೂರಕ. ಅದರ ಮೇಲೆ ಗುರುತು ಇರಲೇಬೇಕು.

ಔಷಧಿಗಳಿಗೆ ಮಾತ್ರ ಈ ಗುರುತು ಅನ್ವಯಿಸುವುದಿಲ್ಲ. ಜೀವ ಉಳಿಸುವವನ್ನು ಬಿಟ್ಟು ಉಳಿದ ಔಷಧಿಗಳಿಗೂ, ಸೋಪು ಕ್ರೀಮುಗಳಿಗೂ ಗುರುತು ಹಾಕಬೇಕು ಎಂದು 2002ರಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಹಾಗಾಗಿ ಔಷಧಿಯ ವಿಷಯದಲ್ಲಿ ಕೇಳಿಯೇ ತಿಳಿಯಬೇಕು.

ಗಿಡದ ಕೊಲಾಜನ್ ಸಿಗುತ್ತಾ ಎಂದು ಕೇಳಿದ್ದೀರಿ. ಯಾವ ಗಿಡದಲ್ಲೂ ಕೊಲಾಜನ್ ಇಲ್ಲ. ಅದು ಪ್ರಾಣಿಗಳ ಮೈಯಲ್ಲಿ ಮಾತ್ರ ಇರುವ ನಾರು. 'ವೀಗನ್ ಕೊಲಾಜನ್' ಎಂದು ಮಾರುವ ಡಬ್ಬಿಗಳ ಹಿಂಬದಿ ಓದಿ ನೋಡಿ. ವಿಟಮಿನ್ ಸಿ, ಕೆಲವು ಅಮೈನೋ ಆಮ್ಲ, ಯಾವುದೋ ಹೂವಿನ ಸಾರ ಇರುತ್ತದೆ. ಕೊಲಾಜನ್ ತಯಾರಿಸಲು ದೇಹಕ್ಕೆ ಇವು ಬೇಕು ಎನ್ನುವುದು ನಿಜ. ಅದಕ್ಕೆ ಸಾವಿರಾರು ರೂಪಾಯಿ ಕೊಡಬೇಕಿಲ್ಲ. ಬೇಳೆ, ಕಡಲೆ, ಹಾಲು, ಮೊಸರು ಸಾಕಷ್ಟು ಇರಲಿ. ನೆಲ್ಲಿಕಾಯಿಯೋ ಸೀಬೆಹಣ್ಣೋ ನಿಂಬೆಯೋ ದಿನಾ ಒಂದು ಇರಲಿ. ನಮ್ಮ ಹಿರಿಯರ ತಟ್ಟೆಯಲ್ಲಿ ಅನ್ನ ಜಾಸ್ತಿ, ಬೇಳೆ ಕಡಿಮೆ. ಸಾರಿನ ತಿಳಿ ಬಡಿಸಿಕೊಂಡು ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಅಮ್ಮನಿಗೆ ತಳದ್ದನ್ನು ಬಡಿಸಿ.

ಅಂಗಡಿಯವರು ಇದರ ಬದಲು ಬೇರೆ ಮಂಡಿ ಮಾತ್ರೆ ಕೊಟ್ಟರೆ ಅದನ್ನೂ ನೋಡಬೇಕು. ಗ್ಲೂಕೋಸಮಿನ್ ಹೆಚ್ಚಾಗಿ ಸೀಗಡಿ, ಏಡಿಯ ಚಿಪ್ಪಿನಿಂದ ಬರುತ್ತದೆ, ಬೂಷ್ಟಿನಿಂದ ಮಾಡಿದ್ದೂ ಉಂಟು. ಕಾಂಡ್ರಾಯ್ಟಿನ್ ದನ, ಕೋಳಿ, ಮೀನಿನ ಮೃದ್ವಸ್ಥಿಯಿಂದ ಬರುತ್ತದೆ. ಮೊಟ್ಟೆಯ ಚಿಪ್ಪಿನ ಒಳಗಿನ ತೆಳು ಪೊರೆಯ ಪುಡಿಯೂ 500 ಮಿಲಿಗ್ರಾಂ ಲೆಕ್ಕದಲ್ಲಿ ಮಂಡಿಗೆ ಎಂದೇ ಬರುತ್ತದೆ. ಕ್ಯಾಪ್ಸೂಲಿನ ಮೆತ್ತನೆ ಕವಚ ಜೆಲಟಿನ್ ಆಗಿದ್ದರೆ ಅದೂ ಪ್ರಾಣಿಯ ಮೂಳೆ ಚರ್ಮದ್ದೇ. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡುತ್ತಾರೆ. ಅದಕ್ಕಾಗಿ ಕುರಿಯನ್ನು ಕೊಲ್ಲುವುದಿಲ್ಲ, ತುಪ್ಪಟ ಕತ್ತರಿಸಿದಾಗ ಸಿಗುವ ಜಿಡ್ಡು ಅದು. ಬಹಳ ಸಸ್ಯಾಹಾರಿಗಳು ಇದನ್ನು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಕಲ್ಲುಹೂವಿನ ಜಾತಿಯಿಂದ ಮಾಡಿದ ಡಿ3 ಕೂಡ ಬಂದಿದೆ. ಅಮ್ಮನಿಗೆ ವಿಷಯ ಹೇಳಿ, ತೀರ್ಮಾನ ಅವರೇ ಮಾಡಲಿ.

ಜೆಲ್ ಇಂಜೆಕ್ಷನ್ ಬಗ್ಗೆ ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಅಲ್ಲೂ ಕೋಳಿ ಇರಬಹುದು. ಈ ಸಲ ಹುಂಜದ ಜುಟ್ಟು. ಮಂಡಿಗೆ ಚುಚ್ಚುವ ಆ ಲೋಳೆಯ ಹೆಸರು ಹಯಲುರಾನಿಕ್ ಆಮ್ಲ. ನಮ್ಮ ಕೀಲಿನ ಎಣ್ಣೆಯಂಥ ದ್ರವದಲ್ಲಿ ಇದು ಸಹಜವಾಗಿಯೇ ಇದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನಿಂದ ಮೊದಲು ಬೇರ್ಪಡಿಸಿದರು. ಹಂಗೇರಿಯಲ್ಲಿ ಹುಟ್ಟಿದ ಎಂಡ್ರೆ ಬಲಾಜ್ ಎಂಬ ವಿಜ್ಞಾನಿ ಜೀವನವಿಡೀ ಇದರ ಹಿಂದೆಯೇ ಬಿದ್ದರು. 1942ರಲ್ಲಿ ಅವರು ಪೇಟೆಂಟ್ ಕೇಳಿದ್ದು, ಬೇಕರಿಯಲ್ಲಿ ಮೊಟ್ಟೆಯ ಬಿಳಿಯ ಬದಲು ಈ ಲೋಳೆ ಬಳಸಲು! ಆಮೇಲೆ ಹುಂಜದ ಜುಟ್ಟಿನಲ್ಲಿ ಇದು ಹೇರಳವಾಗಿದೆ ಎಂದು ಕಂಡುಕೊಂಡು, ಅಲ್ಲಿಂದ ತೀರ ಶುದ್ಧವಾಗಿ ತೆಗೆಯುವ ವಿಧಾನ ಮಾಡಿದರು. ಕಣ್ಣಿನ ಪೊರೆಯ ಆಪರೇಷನ್ನಿಗೆ 1980ರ ಹೊತ್ತಿಗೆ ಬಂದ ಲೋಳೆ ಇದೇ. ಮಂಡಿಗೆ ಹಾಕುವ ಸಿನ್‌ವಿಸ್ಕ್ ಎಂಬ ಇಂಜೆಕ್ಷನ್ ಕೂಡ ಹುಂಜದ ಜುಟ್ಟಿನದ್ದೇ, 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೋಳಿ, ಪುಕ್ಕ, ಮೊಟ್ಟೆಯ ಅಲರ್ಜಿ ಇರುವವರಿಗೆ ಹಾಕುವಾಗ ಎಚ್ಚರ ಎಂದು ಅದರ ಕಾಗದದಲ್ಲೇ ಬರೆದಿರುತ್ತದೆ.

ಸಮಾಧಾನದ ಸುದ್ದಿಯೂ ಇದೆ. ಈ ಲೋಳೆಯನ್ನು ಈಗ ಬ್ಯಾಕ್ಟೀರಿಯಾ ಹುಳಿಯಿಸಿಯೂ ಮಾಡುತ್ತಾರೆ, ಅಂಥ ಇಂಜೆಕ್ಷನ್ನುಗಳು ಬೇಕಾದಷ್ಟಿವೆ. ಜುಟ್ಟಿನಿಂದ ಬಂದರೂ ಬ್ಯಾಕ್ಟೀರಿಯಾದಿಂದ ಬಂದರೂ ಹಯಲುರಾನಿಕ್ ಆಮ್ಲದ ಕಣ ಒಂದೇ. 'ಹುಂಜದ್ದಾ, ಹುಳಿಯಿಸಿದ್ದಾ?' ಎಂದು ಡಾಕ್ಟರನ್ನು ಕೇಳಿ, ಅವರು ಹೆಸರು ನೋಡಿ ಹೇಳಬಲ್ಲರು. ಆದರೆ ಇಂಜೆಕ್ಷನ್ನೇ ಬೇಕಾ ಎನ್ನುವುದನ್ನೂ ಕೇಳಿ. ನಾನು ಮೇಲೆ ಹೇಳಿದ 2019ರ ಸಲಹೆಯಲ್ಲಿ ಮಂಡಿಗೆ ಇದನ್ನು ಸಾಮಾನ್ಯವಾಗಿ ಬೇಡ ಎಂದೇ ಹೇಳಿದ್ದಾರೆ, ಗ್ಲೂಕೋಸಮಿನ್‌ನಷ್ಟು ಖಡಾಖಂಡಿತವಾಗಿ ಅಲ್ಲದಿದ್ದರೂ.

ಇದನ್ನು ಓದುವ ಮಾಂಸಾಹಾರಿಗಳಿಗೂ ಎರಡು ಮಾತು. 'ಮಾತ್ರೆ ಯಾಕೆ, ನಾಟಿಕೋಳಿ ಸಾರು ಕುಡಿದರೆ ಅದೇ ಕೊಲಾಜನ್ ಸಿಗುತ್ತದಲ್ಲ' ಎಂದು ಬಹಳ ಜನ ಕೇಳುತ್ತಾರೆ. ಅದೇ ಸಿಗುವುದಿಲ್ಲ. ಕುದಿಸಿದಾಗ ಆ ಮೂರೆಳೆ ಹಗ್ಗ ಬಿಚ್ಚಿಹೋಗಿ ಜೆಲಟಿನ್ ಆಗುತ್ತದೆ. ಆರಿದ ಮೇಲೆ ಸಾರು ಗಡುಸಾಗಿ ಪೆಡಸು ಲೋಳೆಯಾಗುವುದು ಅದರಿಂದಲೇ. ಸಾರು ಒಳ್ಳೆಯ ಊಟ. ಬಾಣಂತಿಗೆ, ಜ್ವರ ಬಂದು ಎದ್ದವರಿಗೆ ಕೊಡುವ ರೂಢಿಯೂ ಒಳ್ಳೆಯದೇ, ಬಿಸಿ, ಉಪ್ಪು, ನೀರು, ಪ್ರೋಟೀನ್ ಎಲ್ಲ ಸಿಗುತ್ತದೆ. ಮಂಡಿಯ ಔಷಧಿ ಎಂದು ಮಾತ್ರ ಹೆಸರಿಡಬೇಡಿ. ಸಿಂಗಪುರ, ಮಲೇಷ್ಯಾ ಕಡೆ ಇರುವ ನಮ್ಮವರು ಊರಿಗೆ ಬರುವಾಗ ಸಣ್ಣ ಬಾಟಲಿಗಳಲ್ಲಿ 'ಚಿಕನ್ ಎಸೆನ್ಸ್' ತರುತ್ತಾರೆ. ಅದು ಕೊಬ್ಬು ತೆಗೆದ ಕೋಳಿಯ ಗಟ್ಟಿ ತಿಳಿಸಾರು. ಸುಸ್ತಿಗೆಂದು ಅಲ್ಲಿ ಕುಡಿಯುವ ವಾಡಿಕೆ. ಮಂಡಿಗೂ ಅದಕ್ಕೂ ಸಂಬಂಧವಿಲ್ಲ.

ಕೋಳಿ ಅಥವಾ ಮೊಟ್ಟೆಯ ಅಲರ್ಜಿ ಇರುವವರು ಕೋಳಿಯ ಕೊಲಾಜನ್ ಮಾತ್ರೆ ಮುಟ್ಟಬೇಡಿ. ಮುಸ್ಲಿಂ ಓದುಗರು ಹಲಾಲ್ ಪ್ರಮಾಣದ ಗುರುತು ಇದೆಯೇ ನೋಡಿಕೊಳ್ಳಬಹುದು, ಕೋಳಿ ಎಂದ ಮಾತ್ರಕ್ಕೆ ಅದು ಹಲಾಲ್ ಆಗಿರಬೇಕೆಂದಿಲ್ಲ. ಕೋಳಿ ತಿಂದರೂ ದನದ್ದು ತಿನ್ನದವರು, ಚರ್ಮಕ್ಕೆ ಒಳ್ಳೆಯದೆಂದು ಮಾರುವ ಕೊಲಾಜನ್ ಪುಡಿಯ ಮೂಲ ಕೇಳಿ ಕೊಳ್ಳಿ. ಅದು ಹೆಚ್ಚಾಗಿ ದನದ ಚರ್ಮದ್ದು ಅಥವಾ ಮೀನಿನದ್ದು.

ಹಾಗಾದರೆ ಅಮ್ಮನ ಮಂಡಿಗೆ ಏನು ಮಾಡಬೇಕು? ಬಹಳಷ್ಟು ಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಂತಿರುವುದು ತೊಡೆಯ ಬಲ ಹೆಚ್ಚಿಸುವ ವ್ಯಾಯಾಮ. ಕುರ್ಚಿಯ ಮೇಲೆ ಬೆನ್ನು ನೇರ ಮಾಡಿ ಕೂರಿಸಿ. ಒಂದು ಕಾಲನ್ನು ನಿಧಾನವಾಗಿ ಮುಂದಕ್ಕೆ ನೇರ ಮಾಡಿ, ತೊಡೆ ಬಿಗಿ ಹಿಡಿದು, ಐದು ಎಣಿಸುವವರೆಗೆ ಇಟ್ಟು ಇಳಿಸಲಿ. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ಧಾರಾವಾಹಿ ನೋಡುತ್ತಲೂ ಮಾಡಬಹುದು. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕರೆದುಕೊಂಡು ಹೋದರೆ ಇನ್ನೂ ನಾಲ್ಕು ಹೇಳಿಕೊಡುತ್ತಾರೆ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿದರೂ ದೊಡ್ಡ ಲಾಭ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ. ಪೂಜೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಬದಲು ಎತ್ತರದ ಮಣೆಯೋ ಕುರ್ಚಿಯೋ ಇಡಿ. ನೋವು ಜಾಸ್ತಿ ಇದ್ದ ದಿನ ಹಚ್ಚುವ ನೋವಿನ ಜೆಲ್ ಬಳಸಿ, ಡೈಕ್ಲೋಫೆನಾಕ್ ಇರುವಂಥದ್ದು. ನುಂಗುವ ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ದಿನಾ ಕೊಡಬೇಡಿ. ಈ ವಯಸ್ಸಿನಲ್ಲಿ ಕಿಡ್ನಿಗೂ ಹೊಟ್ಟೆಗೂ ಬಿಪಿಗೂ ಅದು ಕಷ್ಟ.

ಇನ್ನೊಂದು ಮಾತು, ಇದು ಮುಖ್ಯ. ಡಾಕ್ಟರ್ ಜೊತೆ ಜಗಳ ಬೇಡ. ಬಹಳ ವೈದ್ಯರಿಗೆ ಈ ಕೊಲಾಜನ್ನಿನ ಮೂಲ ಯಾರೂ ಹೇಳಿರುವುದಿಲ್ಲ, ಕಂಪನಿಯ ಕರಪತ್ರದಲ್ಲಿ 40 ಮಿಲಿಗ್ರಾಂ ಎಂದಷ್ಟೇ ನೋಡಿರುತ್ತಾರೆ. ಸ್ಟ್ರಿಪ್ ತೋರಿಸಿ, 'ಇದು ಕೋಳಿಯದಂತೆ, ಅಮ್ಮ ತೆಗೆದುಕೊಳ್ಳುವುದಿಲ್ಲ' ಎಂದು ಹೇಳಿ. ಅಮ್ಮನ ಫೈಲಿನ ಮೊದಲ ಪುಟದಲ್ಲಿ 'ಸಸ್ಯಾಹಾರಿ, ಮೊಟ್ಟೆಯೂ ಇಲ್ಲ' ಎಂದು ಡಾಕ್ಟರ್ ಕೈಯಲ್ಲೇ ಬರೆಸಿ. ಮುಂದೆ ಎಂದಾದರೂ ಮಂಡಿ ಬದಲಿಸುವ ಆಪರೇಷನ್ ಆದರೆ ಈ ಸಾಲು ಬೇಕಾಗುತ್ತದೆ. ಆಗ ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಜಾತಿಯ ಇಂಜೆಕ್ಷನ್ ಕೊಡುವುದುಂಟು. ಅದನ್ನು ಮಾಡುವುದು ಹಂದಿಯ ಕರುಳಿನಿಂದ. ಮಾತ್ರೆ ರೂಪದ ಬೇರೆ ಔಷಧಿಗಳೂ ಇವೆ, ಎಲ್ಲರಿಗೂ ಹೊಂದುವುದಿಲ್ಲ. ಮಂಡಿ ಮಾತ್ರೆಯನ್ನು ಬಿಟ್ಟ ಹಾಗೆ ಅದನ್ನು ಸುಮ್ನೆ ಬಿಡಲು ಬರುವುದಿಲ್ಲ, ಅದು ಜೀವದ ಪ್ರಶ್ನೆ. ಅಂಥ ಹೊತ್ತಿನಲ್ಲಿ ಏನು ಮಾಡಬೇಕು ಎನ್ನುವುದನ್ನು ಅಮ್ಮ ಈಗಲೇ, ಆರಾಮಾಗಿ ಇರುವಾಗ, ನಿಮ್ಮೆಲ್ಲರ ಜೊತೆ ಕೂತು ಹೇಳಿಟ್ಟಿರಲಿ.